ಉಡುಪೂ ವೇಷವೂ

ಉಡುಪು ಬೇರೆ, ವೇಷ ಬೇರೆ. ಉಟ್ಟದ್ದು ಉಡುಪು, ಹಾಕಿದ್ದು ವೇಷ. ಉಡುಪನ್ನು ಉಟ್ಟವನು ತಾನು ತಾನಾಗಿಯೇ ಇರುತ್ತಾನೆ. ವೇಷವನ್ನು ಹಾಕಿದವನು ಅದನ್ನು ಕಳಚುವವರೆಗೆ ಮತ್ತೊಬ್ಬನಾಗಿರುತ್ತಾನೆ. ಮೊದಲನೆಯದು ಮೈಗಾಗಿ, ಎರಡನೆಯದು ನೋಡುವವರ ಕಣ್ಣಿಗಾಗಿ. ಭೇದವು ಇಷ್ಟು ಸುಲಭವಾಗಿದ್ದರೂ ಲೋಕವ್ಯವಹಾರದಲ್ಲಿ ಅದು ಕೆಲವೊಮ್ಮೆ ತೊಡಕಾಗುವುದುಂಟು. ಒಬ್ಬನ ಉಡುಪು ಮತ್ತೊಬ್ಬನ ಕಣ್ಣಿಗೆ ವೇಷವಾಗಿ ಕಂಡಿತೆಂದರೆ, ನೋಡಿದವನು ಒಂದು ನಗೆ ನಕ್ಕು ಮುಂದೆ ಹೋಗುತ್ತಾನೆ; ಉಟ್ಟವನಿಗೆ ಆ ನಗೆಯನ್ನು ಮರೆಯುವುದಕ್ಕೆ ಬಹಳ ಕಾಲ ಬೇಕಾಗುತ್ತದೆ.

ಉಡುಪಿ ಎಂಬ ಊರ ಹೆಸರಿಗೂ ಉಡುಪು ಎಂಬ ಮಾತಿಗೂ ನಂಟಿಲ್ಲ. ನಕ್ಷತ್ರಗಳಿಗೆ ಒಡೆಯನಾದ ಚಂದ್ರನು 'ಉಡುಪ'ನು. ಅವನು ತಪಸ್ಸು ಮಾಡಿದ ಸ್ಥಳವಾದುದರಿಂದ ಊರಿಗೆ ಆ ಹೆಸರು ಬಂದಿತೆಂದು ಸ್ಥಳಪುರಾಣ ಹೇಳುತ್ತದೆ. ಆದರೂ ವರ್ಷದಲ್ಲಿ ಒಂದು ದಿನ ಈ ಊರು ವೇಷಗಳ ರಾಜಧಾನಿಯಾಗಿಬಿಡುತ್ತದೆ. ಕೃಷ್ಣಾಷ್ಟಮಿಯ ಮರುದಿನ ನಡೆಯುವ ವಿಟ್ಲಪಿಂಡಿಯನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಮೃಣ್ಮಯ ಕೃಷ್ಣಮೂರ್ತಿಯು ಚಿನ್ನದ ರಥವನ್ನೇರಿ ರಥಬೀದಿಯನ್ನು ಸುತ್ತುತ್ತದೆ. ಗೊಲ್ಲರ ಉಡುಗೆಯ ತರುಣರು ಗುರ್ಜಿಗಳಿಗೆ ತೂಗಹಾಕಿದ ಮಡಕೆಗಳನ್ನು ಕೋಲಿನಿಂದ ಒಡೆಯುತ್ತ ಮುಂದೆ ಓಡುತ್ತಾರೆ. ಹಿಂದೆಯೂ ಮುಂದೆಯೂ ತಾಸೆಯ ಬಡಿತಕ್ಕೆ ಹುಲಿವೇಷಗಳು ಕುಣಿಯುತ್ತವೆ. ಮೈಯೆಲ್ಲ ಬಣ್ಣ ಬಳಿದುಕೊಂಡ ಹುಲಿಯು ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವಾಗ ಬೀದಿಯ ಎರಡು ಕಡೆಯ ಮಾಳಿಗೆಗಳಿಂದಲೂ ಉದ್ಗಾರ ಏಳುತ್ತದೆ. ಆ ದಿನ ವೇಷಧಾರಿಯ ಕೈಗೆ ಒಂದು ನೋಟನ್ನೋ ನಾಣ್ಯವನ್ನೋ ಕೊಡುವುದು ನೋಡುವವರ ಮರ್ಯಾದೆ. ಕೊಡುವವನಿಗೆ ಅದರಲ್ಲಿ ಗರ್ವವಿಲ್ಲ, ಪಡೆಯುವವನಿಗೆ ನಾಚಿಕೆಯಿಲ್ಲ. ಹರಕೆಗೆಂದು ವೇಷ ಹಾಕುವವರು ಅನೇಕರು. ಬಂದ ಹಣವನ್ನು ರೋಗಿಗಳಾದ ಬಡಮಕ್ಕಳ ಚಿಕಿತ್ಸೆಗೆ ಒಪ್ಪಿಸುವವರೂ ಉಂಟು.

ಇಂಥ ಒಂದು ವಿಟ್ಲಪಿಂಡಿಯ ದಿನ, ರಥಬೀದಿಯ ಜನಸಂದಣಿಯಲ್ಲಿ, ಹನ್ನೊಂದು ವರ್ಷದ ಒಬ್ಬ ಹುಡುಗನ ಕೈಗೆ ಹತ್ತು ರೂಪಾಯಿಯ ಒಂದು ನೋಟು ಬಂದಿತು. ಕೊಟ್ಟವರು ಒಬ್ಬ ವೃದ್ಧ ವ್ಯಾಪಾರಿಗಳು, ಪ್ರೀತಿಯಿಂದಲೇ ಕೊಟ್ಟರು. "ಚೆಂದದ ವೇಷ ಮಗಾ! ಇದು ಯಾವ ವೇಷ?" ಎಂದು ಕೇಳಿ ಬೆನ್ನು ತಟ್ಟಿದರು. ಹುಡುಗನು ನೋಟನ್ನು ಹಿಡಿದುಕೊಂಡು ನಿಂತಲ್ಲಿಯೇ ನಿಂತನು. ಅವನು ಹಾಕಿದ್ದುದು ವೇಷವಾಗಿರಲಿಲ್ಲ.

ಈ ಹುಡುಗನ ಮನೆತನದ ಸಂಗತಿಯನ್ನು ಸ್ವಲ್ಪ ಹೇಳಬೇಕು. ಉಡುಪಿಯಿಂದ ತೆಂಕಣಕ್ಕೆ ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ರಾತ್ರಿಯಲ್ಲಿ ತೆಂಗಿನ ಗರಿಗಳ ನಡುವೆ ಸುಳಿದುಹೋಗುವಷ್ಟು ಸಮೀಪದಲ್ಲಿ, ಅಳಿಯಸಂತಾನದ ಕಟ್ಟಿನ ಒಂದು ಹಳೆಯ ಮನೆಯುಂಟು. ಮನೆಗೆ ಹಿರಿಯಳು ಎಪ್ಪತ್ತು ದಾಟಿದ ಅಜ್ಜಿ. ಅವಳ ಮಗನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯನ್ನು ಕಲಿಸುವ ಮಾಸ್ತರನು. ಮಗಳು ಮಣಿಪಾಲದಲ್ಲಿ, 1953ರಲ್ಲಿ ಆರಂಭವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯವನ್ನು ಕಲಿತು, ಶಸ್ತ್ರಚಿಕಿತ್ಸೆಯ ಹೆಚ್ಚಿನ ಅಭ್ಯಾಸಕ್ಕಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದಳು. ಅಲ್ಲಿಯ ಶಸ್ತ್ರವೈದ್ಯರ ಸಂಘವು 1505ರಷ್ಟು ಹಳೆಯದು; ಅದರ ಪದವಿಯನ್ನು ಹೆಸರಿನ ಮುಂದೆ ಬರೆದುಕೊಂಡ ವೈದ್ಯರು ಈ ಜಿಲ್ಲೆಗೆ ಹೊಸಬರಲ್ಲ. ಹಾಗೆ ನೋಡಿದರೆ ದಾರಿಯೂ ಹೊಸದಲ್ಲ. ಎಡಿನ್‌ಬರೋದಲ್ಲಿ ವೈದ್ಯ ಕಲಿತ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟನು 1801ರಲ್ಲಿಯೇ ಉಡುಪಿ ಕಾರ್ಕಳಗಳನ್ನು ಕಂಡು, ಇಲ್ಲಿಯ ಬೆಳೆ, ಜಾತಿ, ದೇವಸ್ಥಾನಗಳ ವಿಷಯವನ್ನೆಲ್ಲ ಬರೆದುಕೊಂಡು ಹೋಗಿದ್ದನು. ಅವನು ಬಂದ ದಾರಿಯಲ್ಲಿ ಇವಳು ಹೋದಳು, ಅಷ್ಟೆ.

ಹೋದವಳು ಅಲ್ಲಿಯೇ ಮದುವೆಯಾಗುವೆನೆಂದು ಬರೆದಾಗ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಅಜ್ಜಿಯು, "ಹುಡುಗನನ್ನು ಕರೆದುಕೊಂಡು ಬರಲಿ, ನೋಡೋಣ" ಎಂದಳು. ಹುಡುಗನು ಬಂದನು. ಮದುವೆಯ ದಿನ ಧೋತರ ಉಟ್ಟು, ಶಲ್ಯ ಹೊದೆದು, ಹಣೆಗೆ ಗಂಧ ಇಟ್ಟುಕೊಂಡು ಚಪ್ಪರದಲ್ಲಿ ನಿಂತನು. ಅಜ್ಜಿಯನ್ನು 'ಮಾಮಿ' ಎಂದು ಕರೆಯುವುದನ್ನು ಕಲಿತನು. ಧೋತರವು ಎರಡು ಸಲ ಸಡಿಲವಾಯಿತಾದರೂ ಅವನನ್ನು ನೋಡಿ ಯಾರೂ ವೇಷ ಎನ್ನಲಿಲ್ಲ. ಅದು ಬಂದ ಅಳಿಯನು ಮನೆಗೆ ತೋರಿದ ಮರ್ಯಾದೆಯೆಂದು ಎಲ್ಲರಿಗೂ ತಿಳಿದಿದ್ದಿತು.

ಇವರ ಮಗನೇ ಆ ಹುಡುಗನು. ಆ ವರ್ಷ ಅಷ್ಟಮಿಯು ಸೋಣ ತಿಂಗಳ ಮಧ್ಯದಲ್ಲಿ ಬಂದುದರಿಂದ, ಶಾಲೆಗೆ ಎರಡು ವಾರ ರಜೆ ಬೇಡಿ ಅವನನ್ನು ಕರೆತಂದಿದ್ದರು. ಬರುವಾಗ ಅವನು ತನ್ನ ಪೆಟ್ಟಿಗೆಯಲ್ಲಿ ಒಂದು ಉಡುಪನ್ನು ಮಡಚಿ ತಂದಿದ್ದನು. ಅದು ಕಿಲ್ಟು: ಸೊಂಟದಿಂದ ಮೊಣಕಾಲಿನವರೆಗೆ ಬರುವ, ನೆರಿಗೆಗಳುಳ್ಳ, ಚೌಕುಳಿ ಚೌಕುಳಿಯಾದ ಉಣ್ಣೆಯ ಬಟ್ಟೆ. ತಂದೆಯ ತಂದೆಯು ಆಯುಷ್ಯವೆಲ್ಲ ಹಬ್ಬಹುಣ್ಣಿಮೆಗಳಲ್ಲಿ ಉಟ್ಟಿದ್ದ ಕಿಲ್ಟನ್ನು, ಅವನು ತೀರಿಕೊಂಡ ಮೇಲೆ, ಹುಡುಗನ ಅಳತೆಗೆ ಕತ್ತರಿಸಿ ಹೊಲಿಸಿದ್ದರು. ಹುಡುಗನಿಗೆ ಅದೊಂದು ದೊಡ್ಡ ಆಸ್ತಿ.

ಅಜ್ಜಿಯು ಕನ್ನಡಕವನ್ನು ಏರಿಸಿ ಆ ಬಟ್ಟೆಯನ್ನು ಪರೀಕ್ಷಿಸಿದ ಬಗೆ ನೋಡತಕ್ಕದ್ದಾಗಿದ್ದಿತು. ಮೊದಲು ಅಂಚನ್ನು ಹಿಡಿದು ನೋಡಿದಳು. ಬೆಳೆದ ಗಂಡಸಿನ ಒಂದು ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದೆಂದು ಅಳಿಯನು ಹೇಳಿದಾಗ, "ಎಂಟು ಗಜವೆ! ಉಟ್ಟರೆ ಮೊಣಕಾಲು ಮುಚ್ಚುವುದಿಲ್ಲ, ಬಟ್ಟೆ ಮಾತ್ರ ನನ್ನ ಸೀರೆಗಿಂತ ಹೆಚ್ಚು" ಎಂದು ನಕ್ಕಳು. ನೆರಿಗೆಗಳೆಲ್ಲ ಹಿಂಬದಿಗೆ ಬರತಕ್ಕವೆಂದು ತಿಳಿದು, "ಹಾಗಾದರೆ ಇದು ಕೊಡಗಿನ ಹೆಂಗಸರು ಸೀರೆ ಉಡುವಂತೆ" ಎಂದಳು. ಸೊಂಟದ ಮುಂದೆ ತೂಗುವ ತೊಗಲಿನ ಚೀಲವನ್ನು ಕಂಡು, "ಇದು ಎಲೆಯಡಿಕೆಯ ಸಂಚಿ" ಎಂದು ತೀರ್ಮಾನಿಸಿದಳು. ಹಿಂದಿನ ಕಾಲದಲ್ಲಿ ಈ ಉಡುಪಿಗೆ ಹೊಲಿಗೆಯೇ ಇರಲಿಲ್ಲವೆಂದೂ, ಉದ್ದನೆಯ ಒಂದೇ ಬಟ್ಟೆಯನ್ನು ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದುದನ್ನು ಹೆಗಲ ಮೇಲೆ ಹೊದೆಯುತ್ತಿದ್ದರೆಂದೂ ಅಳಿಯನು ವಿವರಿಸಿದನು. "ಸೆರಗು" ಎಂದಳು ಅಜ್ಜಿ. ಅವಳಿಗೆ ಆ ಉಡುಪಿನಲ್ಲಿ ತಿಳಿಯದುದು ಏನೂ ಉಳಿಯಲಿಲ್ಲ.

ಆದರೆ ಹುಡುಗನ ಮನಸ್ಸಿನಲ್ಲಿ ಒಂದು ತೊಡಕು ಇದ್ದಿತು. ನೆರೆಮನೆಯ ಮುದುಕಿಯೊಬ್ಬಳು ಬಂದವಳು, ಈ ಕಡೆಯವರ ವಾಡಿಕೆಯಂತೆ, "ನಿನ್ನ ಬಳಿ ಯಾವುದು ಮಗಾ?" ಎಂದು ಕೇಳಿದಳು. ತಾಯಿಯು ತಿಳಿಸಿ ಹೇಳಲು ಹುಡುಗನು ತಂದೆಯ ಕ್ಲಾನಿನ ಹೆಸರನ್ನು ಹೇಳಿದನು: "ಮೆಕೆಂಜಿ." ಹೇಳಿ, ತನ್ನ ಶಾಲೆಯಲ್ಲಿ ಯಾರಾದರೂ ಕೇಳಿದರೆ ಹೇಳುವಂತೆ, "ನಾನು ಅರ್ಧ ಸ್ಕಾಟ್, ಅರ್ಧ ಇಂಡಿಯನ್" ಎಂದು ಸೇರಿಸಿದನು.

ಅಜ್ಜಿಯು ಒಪ್ಪಲಿಲ್ಲ. "ಅದು ಅಪ್ಪನ ಕಡೆಯ ಹೆಸರು. ಬಳಿ ಎಂಬುದು ತಾಯಿಯಿಂದ ಬರತಕ್ಕದ್ದು. ನನ್ನ ಬಳಿಯೇ ನಿನ್ನ ತಾಯಿಯದು, ಅವಳದೇ ನಿನ್ನದು. ಅದರಲ್ಲಿ ಅರ್ಧವೆಂಬುದಿಲ್ಲ" ಎಂದಳು.

ಅಳಿಯಸಂತಾನದ ಕಟ್ಟನ್ನು ಬಲ್ಲವರಿಗೆ ಅಜ್ಜಿಯ ಮಾತಿನ ಅರ್ಥ ತಿಳಿಯುತ್ತದೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇವುಗಳಿಂದ ಆಸ್ತಿಯ ಮಾತಿನಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಬಳಿಯು ಮಾತ್ರ ಉಳಿದಿದೆ. ಸ್ಕಾಟರ ಕ್ಲಾನೂ ಇಂಥದೇ ಒಂದು ಕೂಟ. ಗೇಲಿಕ್ ನುಡಿಯಲ್ಲಿ ಆ ಮಾತಿಗೆ 'ಮಕ್ಕಳು' ಎಂದೇ ಅರ್ಥ. ಆದರೆ ಅದು ತಂದೆಯ ಹೆಸರಿನ ಮೇಲೆ ನಡೆಯತಕ್ಕದ್ದು. ಒಂದು ಕಟ್ಟು ತಾಯಿಯಿಂದ ಇಳಿಯುತ್ತದೆ, ಮತ್ತೊಂದು ತಂದೆಯಿಂದ. ಆದುದರಿಂದ ಈ ಹುಡುಗನು ಕಾಪುವಿನ ಲೆಕ್ಕದಲ್ಲಿ ಪೂರ್ತಿ ಕಾಪುವಿನವನು. ಸ್ಕಾಟರ ಲೆಕ್ಕದಲ್ಲಿ ಪೂರ್ತಿ ಸ್ಕಾಟನು. ಎರಡು ಮನೆತನಗಳೂ ಅವನನ್ನು ಇಡಿಯಾಗಿಯೇ ಎಣಿಸಿದ್ದುವು. ಅರ್ಧವೆಂಬ ಲೆಕ್ಕವನ್ನು ಎರಡೂ ಕಡೆಯ ಹಿರಿಯರು ಕಲಿಸಿದವರಲ್ಲ. ಅದನ್ನು ಅವನು ಶಾಲೆಯ ಆಟದ ಬಯಲಿನಲ್ಲಿ ಕಲಿತುಕೊಂಡಿದ್ದನು.

ಮೆಕೆಂಜಿ ಎಂಬ ಹೆಸರನ್ನು ಕೇಳಿ ಸೋದರಮಾವನಿಗೆ ಮಾತ್ರ ಹಿಗ್ಗಾಯಿತು. ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಲ್ಲಿ ಹುಟ್ಟಿ, ಈ ದೇಶಕ್ಕೆ ಬಂದು, 1815ರಲ್ಲಿ ಹಿಂದೂಸ್ಥಾನದ ಮೊದಲನೆಯ ಸರ್ವೆಯರ್ ಜನರಲ್ ಆಗಿ, 1821ರಲ್ಲಿ ಇಲ್ಲಿಯೇ ಮಣ್ಣಾದ ಕಾಲಿನ್ ಮೆಕೆಂಜಿಯು ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿಟ್ಟವನು. ಕನ್ನಡನಾಡಿನ ಚರಿತ್ರೆಯನ್ನು ಬರೆಯುವವರಲ್ಲಿ ಅವನ ಋಣವಿಲ್ಲದವರು ಯಾರು? "ನಿನ್ನ ಅಪ್ಪನ ಕ್ಲಾನಿನವನೊಬ್ಬನು ನಮ್ಮ ಊರುಗಳ ಕಥೆಯನ್ನು ಕಾದಿಟ್ಟವನು, ತಿಳಿಯಿತೆ?" ಎಂದು ಮಾವನು ಹೇಳಿದಾಗ ಹುಡುಗನು ತಲೆಯಾಡಿಸಿದನು, ಆದರೆ ಹನ್ನೊಂದು ವರ್ಷದವನಿಗೆ ಕೈಫಿಯತ್ತು ಎಷ್ಟು ಸಮಾಧಾನ ಕೊಟ್ಟೀತು?

ವಿಟ್ಲಪಿಂಡಿಯ ದಿನ ಕಿಲ್ಟನ್ನು ಉಟ್ಟು ಬರುವೆನೆಂದು ಹಠ ಹಿಡಿದವನು ಅವನೇ. ತಾಯಿಯು ಬೇಡವೆಂದಳು. ಬೇಡವೆನ್ನುವುದಕ್ಕೆ ಮಳೆಯನ್ನೂ ಸೆಕೆಯನ್ನೂ ಕಾರಣವಾಗಿ ಹೇಳಿದಳು; ನಿಜವಾದ ಕಾರಣವನ್ನು ಹೇಳಲಿಲ್ಲ. ಹುಡುಗನಿಗೆ ಹಬ್ಬವೆಂದರೆ ಕಿಲ್ಟು. ಅವನ ತಂದೆಯ ಊರ ಕಡೆಯಲ್ಲಿ ಬೇಸಗೆಯುದ್ದಕ್ಕೂ ಹೈಲ್ಯಾಂಡ್ ಆಟಗಳೆಂಬ ಕೂಟಗಳು ಜರುಗುತ್ತವೆ. ಸಪ್ಟೆಂಬರಿನ ಮೊದಲನೆಯ ಶನಿವಾರ ಬ್ರೇಮಾರ್ ಎಂಬಲ್ಲಿ ನಡೆಯುವುದು ಅವುಗಳಲ್ಲಿ ಹೆಸರಾದುದು. ಅದಕ್ಕೆ ವಿಕ್ಟೋರಿಯಾ ರಾಣಿಯು 1848ರಲ್ಲಿ ಬಂದುದು ಮೊದಲಾಗಿ ಅರಸುಮನೆಯವರು ಬರುವ ವಾಡಿಕೆಯುಂಟು. ಅಲ್ಲಿ ಚೀಲವಾದ್ಯ ನುಡಿಯುತ್ತದೆ. ಕಿಲ್ಟು ಉಟ್ಟ ಜಟ್ಟಿಗಳು ಇಡಿಯ ಮರದ ಬೊಡ್ಡೆಯನ್ನು ಅಂಗೈಗಳಲ್ಲಿ ಎತ್ತಿ, ಅದು ತಲೆಕೆಳಗಾಗಿ ಉರುಳುವಂತೆ ಎಸೆಯುತ್ತಾರೆ. ಹುಲಿಯು ಅಕ್ಕಿಮುಡಿಯನ್ನು ಎಸೆಯುವುದನ್ನು ತಾಯಿಯು ವರ್ಣಿಸಿದಾಗಲೇ ಹುಡುಗನು ಎರಡನ್ನೂ ಹೋಲಿಸಿಕೊಂಡಿದ್ದನು. ಇಂಥ ಹಬ್ಬಕ್ಕೆ ಇಂಥ ಉಡುಪು ತಕ್ಕದ್ದೆಂದು ಅವನಿಗೆ ತೋರಿದುದರಲ್ಲಿ ಆಶ್ಚರ್ಯವೇನು?

ಬೀದಿಯಲ್ಲಿ ಆದುದನ್ನು ಮೊದಲೇ ಹೇಳಿದೆ. ಯಕ್ಷಗಾನದ ರಾಜವೇಷ, ಮುದ್ದುಕೃಷ್ಣರ ವೇಷ, ಚಿರತೆ, ಪಟ್ಟೆಹುಲಿ, ಇವುಗಳ ನಡುವೆ ಬಿಳಿಯ ಮೈಯ, ಕರಿಯ ಕಣ್ಣಿನ ಹುಡುಗನೊಬ್ಬನು ನೆರಿಗೆಯ ಬಟ್ಟೆಯುಟ್ಟು ಬಂದರೆ, ನೋಡಿದವರು ಅದನ್ನು ವೇಷವೆನ್ನದೆ ಏನೆಂದಾರು? ತಪ್ಪು ಯಾರದೂ ಅಲ್ಲ. ಆದರೂ ಹುಡುಗನು ರಥವನ್ನು ನೋಡಲಿಲ್ಲ, ಲಡ್ಡು ಚಕ್ಕುಲಿಗಳ ಪ್ರಸಾದಕ್ಕೆ ಕೈಯೊಡ್ಡಲಿಲ್ಲ. ಕಾಪುವಿಗೆ ಮರಳುವವರೆಗೆ ಬಾಯಿ ಬಿಡದೆ, ಮನೆಗೆ ಬಂದವನು ಕಿಲ್ಟನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿ, "ಇದು ಇಲ್ಲಿ ವೇಷ. ಅಲ್ಲಿಯೂ ನಾನು ಉಟ್ಟರೆ ಕೆಲವರಿಗೆ ವೇಷವೇ. ನನಗೆ ಇದು ಬೇಡ" ಎಂದನು.

ಆಗ ತಾಯಿಯು ಹೊರಗೆದ್ದು ಜಗಲಿಗೆ ಹೋದಳು. ಅವಳು ಹೇಳದೆ ಇದ್ದ ಕಾರಣ ಇದೇ. ಮದುವೆಯಾದ ಹೊಸದರಲ್ಲಿ ಅವಳು ಗಂಡನೊಡನೆ ಒಂದು ಹೈಲ್ಯಾಂಡ್ ಕೂಟಕ್ಕೆ ಅಜ್ಜಿಯು ಕೊಟ್ಟಿದ್ದ ಚೌಕುಳಿಯ ಉಡುಪಿ ಸೀರೆಯನ್ನು ಉಟ್ಟು ಹೋಗಿದ್ದಳು. ಅಲ್ಲಿ ಒಬ್ಬ ವೃದ್ಧೆಯು, ಪ್ರೀತಿಯಿಂದಲೇ, "ಎಷ್ಟು ಸೊಗಸಾದ ವೇಷ! ಯಾವ ನೃತ್ಯಕ್ಕಾಗಿ?" ಎಂದು ಕೇಳಿದ್ದಳು. ಅಂದಿನಿಂದ ಆ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಹದಿಮೂರು ವರ್ಷ ಯಾರಿಗೂ ಹೇಳದ ಈ ಮಾತನ್ನು ಅವಳು ಆ ರಾತ್ರಿ ಜಗಲಿಯಲ್ಲಿ ತನ್ನ ತಾಯಿಗೆ ಹೇಳಿದಳು. ಅಜ್ಜಿಯು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು, ಏನೂ ಹೇಳಲಿಲ್ಲ.

ಮರುದಿನ ಮಾವನು ಹುಡುಗನನ್ನು ಕುಳ್ಳಿರಿಸಿಕೊಂಡು ಕಿಲ್ಟಿನ ಚರಿತ್ರೆಯನ್ನು ಹೇಳಿದನು. ಅದನ್ನು ಹೇಳುವುದಕ್ಕಾಗಿ ಅವನು ಆ ಹಿಂದಿನ ರಾತ್ರಿ ಬಹಳ ಹೊತ್ತು ಓದಿದ್ದನು. 1746ರ ಏಪ್ರಿಲಿನಲ್ಲಿ ಕಲೋಡನ್ ಎಂಬ ಬಯಲಿನಲ್ಲಿ ಹೈಲ್ಯಾಂಡಿನವರು ಬ್ರಿಟಿಷ್ ಸರಕಾರದ ಸೇನೆಗೆ ಸೋತರು. ಗೆದ್ದವರು ಅವರ ಆಯುಧಗಳನ್ನು ಕಸಿದುದಲ್ಲದೆ, ಉಡುಪನ್ನೂ ಕಸಿದರು. ಗಂಡಸಾಗಲಿ ಹುಡುಗನಾಗಲಿ ಹೈಲ್ಯಾಂಡಿನ ಉಡುಪನ್ನು ಉಡಕೂಡದು. ಉಟ್ಟರೆ ಮೊದಲನೆಯ ಸಲಕ್ಕೆ 6 ತಿಂಗಳ ಸೆರೆ, ಎರಡನೆಯ ಸಲಕ್ಕೆ 7 ವರ್ಷ ಕಡಲಾಚೆಗೆ ಗಡೀಪಾರು. ಈ ಕಾಯಿದೆಯು 1782ರವರೆಗೆ ಇದ್ದಿತು. ಸರಕಾರದ ಸೈನ್ಯದಲ್ಲಿ ಸೇರಿದವರಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಹೀಗೆ ತಮ್ಮ ಊರಿನಲ್ಲಿ ಉಡಬಾರದ ಉಡುಪು ಪರರ ಯುದ್ಧಕ್ಕೆ ಹೋಗುವವರ ಮೈಮೇಲೆ ಉಳಿಯಿತು. ಅಂಥ ಒಂದು ಹೈಲ್ಯಾಂಡ್ ದಳವೇ 1783ರ ಮೇ ತಿಂಗಳಿಂದ ಮರುವರ್ಷದ ಜನವರಿಯವರೆಗೆ, ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನ ಕೈಕೆಳಗೆ, ಟಿಪ್ಪುವಿನ ಸೇನೆ ಮುತ್ತಿದ್ದ ಮಂಗಳೂರ ಕೋಟೆಯಲ್ಲಿ ಹಸಿದು ಕುಳಿತಿದ್ದುದು. 'ಮಂಗಳೂರು' ಎಂಬ ನಮ್ಮ ಊರ ಹೆಸರು ಆ ಸ್ಕಾಟ್ ದಳದ ಯುದ್ಧಗೌರವಗಳಲ್ಲಿ ಸೇರಿತು.

"ಹಾಗಾದರೆ ನಿಷೇಧ ಹೋದ ಮೇಲೆ ಎಲ್ಲರೂ ಉಟ್ಟರೆ?" ಎಂದು ಹುಡುಗನು ಕೇಳಿದನು.

ಇಲ್ಲಿ ಮಾವನು ಸ್ವಲ್ಪ ತಡೆದನು. ಚರಿತ್ರೆಯ ಮಾಸ್ತರನಾದುದರಿಂದ ಸುಳ್ಳು ಹೇಳಲಾರದವನಾದನು. ಉಡಲಿಲ್ಲ. ಮೂವತ್ತೈದು ವರ್ಷಗಳಲ್ಲಿ ಅಭ್ಯಾಸವು ಬಹುಮಟ್ಟಿಗೆ ತಪ್ಪಿಹೋಗಿದ್ದಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಉತ್ಸವದ ಏರ್ಪಾಡನ್ನು ವಹಿಸಿಕೊಂಡು, ಬಂದವರೆಲ್ಲ ಟಾರ್ಟನ್ನಿನಲ್ಲಿ ಬರತಕ್ಕದ್ದೆಂದು ಪ್ರೇರಿಸಿದನು. ದೊರೆಯೂ ಕಿಲ್ಟು ಉಟ್ಟು ಸಭೆಗೆ ಬಂದನು. ಯಾರ ಅಜ್ಜಂದಿರು ಆ ಉಡುಪನ್ನು ನಿಷೇಧಿಸಿದ್ದರೋ ಅವರ ಮೊಮ್ಮಕ್ಕಳೇ ಅದನ್ನು ತೊಟ್ಟು ಮೆರೆದರು. ಅದು ವೇಷವಲ್ಲದೆ ಮತ್ತೇನು? ಇಂಥ ಕ್ಲಾನಿಗೆ ಇಂಥ ಚೌಕುಳಿಯೆಂಬ ಕಟ್ಟುನಿಟ್ಟು ಸಹ ಬಹುಮಟ್ಟಿಗೆ ಆ ಕಾಲದ ಈಚೆಯದು. 1842ರಲ್ಲಿ ಇಬ್ಬರು ಸಹೋದರರು, ಪುರಾತನ ಕೈಬರಹದಿಂದ ತೆಗೆದುದೆಂದು ಹೇಳಿ, ಕ್ಲಾನುಗಳ ಟಾರ್ಟನ್ನುಗಳ ಒಂದು ದೊಡ್ಡ ಗ್ರಂಥವನ್ನು ಅಚ್ಚು ಹಾಕಿಸಿದರು. ಅದು ಕೃತಕವೆಂದು ವಿದ್ವಾಂಸರು ಆಮೇಲೆ ತೋರಿಸಿದರು. ಆದರೆ ಅಷ್ಟರಲ್ಲಿ ಮನೆಮನೆಗಳವರು ಆ ಚೌಕುಳಿಗಳನ್ನು ಉಟ್ಟು ಮದುವೆಯಾಗಿದ್ದರು, ಉಟ್ಟು ಸತ್ತಿದ್ದರು. ಈಗ 2009ರಿಂದ ಆ ದೇಶದ ಸರಕಾರವೇ ಟಾರ್ಟನ್ನುಗಳ ದಾಖಲೆಪುಸ್ತಕವನ್ನು ಇಟ್ಟಿದೆ; ಹೊಸ ಚೌಕುಳಿಯನ್ನು ಕಲ್ಪಿಸಿದವರು ಯಾರೇ ಆಗಲಿ, ಅದನ್ನು ಅಲ್ಲಿ ಬರೆಯಿಸಬಹುದು.

"ಹಾಗಾದರೆ ಅಜ್ಜನ ಕಿಲ್ಟೂ ವೇಷವೆ?" ಎಂದನು ಹುಡುಗ. ಅವನ ಮುಖ ಇನ್ನಷ್ಟು ಸಣ್ಣದಾಯಿತು.

"ಅಲ್ಲ" ಎಂದನು ಮಾವ. "ದೊರೆಯದು ವೇಷ. ಅವನು ಒಂದು ದಿನ ಉಟ್ಟು ಕಳಚಿದನು. ನಿನ್ನ ಅಜ್ಜನು ಅರುವತ್ತು ವರ್ಷ ಉಟ್ಟನು. ಒಬ್ಬನು ಹಾಕಿದ ವೇಷವನ್ನು ಅವನ ಮಕ್ಕಳು ಮೊಮ್ಮಕ್ಕಳು ನಂಬಿಕೆಯಿಂದ ಉಟ್ಟರೆ ಅದು ಉಡುಪಾಗುತ್ತದೆ."

ಇಂಥ ಕುಟುಂಬಗಳು ಈ ಕರಾವಳಿಗೆ ಅಪೂರ್ವವೂ ಅಲ್ಲ. ಮಂಗಳೂರಿನ ಸಾರಸ್ವತ ಕುಲದಲ್ಲಿ 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿನಲ್ಲಿ ಓದಿ ಪಾದ್ರಿಯಾಗಿ ಮರಳಿ, 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವರಿಸಿದರು. ಕುಲವನ್ನು ಬಿಟ್ಟವರು ಗೋತ್ರದ ಹೆಸರನ್ನು ಬಿಡಲಿಲ್ಲ. ಆ ಹೆಸರು ಕಡಲು ದಾಟಿ ಜರ್ಮನಿಯಲ್ಲಿ ಬೇರೂರಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಜರ್ಮನ್ ಹ್ಯಾಂಡ್‌ಬಾಲ್ ತಂಡದ ತರಬೇತಿದಾರನ ಹೆಸರು ಒಟ್ಟೋ ಕೌಂಡಿನ್ಯ ಎಂದಿದ್ದಿತು. ಋಷಿಯ ಹೆಸರೊಂದು ಅಲ್ಲಿಯವರ ಬಾಯಲ್ಲಿ ಮನೆತನದ ಹೆಸರಾಯಿತು. ಅದನ್ನು ಹೊತ್ತವರು ಅರ್ಧ ಹೆಸರನ್ನು ಹೊರಲಿಲ್ಲ.

ಅಜ್ಜಿಯು ಚರಿತ್ರೆಯನ್ನು ಓದಿದವಳಲ್ಲ. ಅವಳಿಗೆ ತೋಚಿದ ಉಪಾಯ ಬೇರೆ. ಎರಡು ದಿನ ಬಿಟ್ಟು, "ಕಿಲ್ಟನ್ನು ತೆಗೆದುಕೋ ಮಗಾ, ನೇಕಾರರ ಮನೆಗೆ ಹೋಗಿಬರುವ" ಎಂದಳು.

ಈ ಎರಡು ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಮಗ್ಗದ ಸದ್ದಿಲ್ಲದ ಪೇಟೆ ಇರಲಿಲ್ಲ. ಶೆಟ್ಟಿಗಾರರು ನೆಯ್ದ ಹತ್ತಿಯ ಸೀರೆ, ಹಗುರವಾಗಿ, ಸಣ್ಣ ಸಣ್ಣ ಚೌಕುಳಿಗಳಿಂದ ಕೂಡಿ, ಬೇರೆ ಬಣ್ಣದ ಅಂಚು ಸೆರಗುಗಳಿಂದ ಒಪ್ಪುತ್ತ, ಈ ಸೆಕೆಯ ನಾಡಿಗೆ ಹೇಳಿ ಮಾಡಿಸಿದಂತಿದ್ದಿತು. ಮನೆಗೆಲಸಕ್ಕೂ ಅದೇ, ಪೇಟೆಗೂ ಅದೇ. ಆಮೇಲೆ ಗಿರಣಿಯ ಬಟ್ಟೆ ಬಂದಿತು, ನೈಲಾನು ಬಂದಿತು, ನೇಕಾರರ ಮಕ್ಕಳು ಬೇರೆ ಕೆಲಸಕ್ಕೆ ಹೋದರು. ಮಗ್ಗದ ಮುಂದೆ ಉಳಿದವರು ಬೆರಳೆಣಿಕೆಯ ಮುದುಕರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್ ಮೊದಲಾದವರ ಪ್ರಯತ್ನದಿಂದ ಈಗ ಕೆಲವು ಮಗ್ಗಗಳು ಪುನಃ ನಡೆಯುತ್ತಿವೆ. ನೋಡಿರಿ: ಸ್ಕಾಟ್ಲೆಂಡಿನಲ್ಲಿ ಕಾಯಿದೆಯು ಒಂದು ಬಟ್ಟೆಯನ್ನು ಕೊಲ್ಲಹೋಗಿ ಸೋತಿತು; ಇಲ್ಲಿ ಯಾರೂ ನಿಷೇಧಿಸದ ಬಟ್ಟೆಯು, ಉಡುವವರಿಲ್ಲದೆ, ತಾನಾಗಿಯೇ ಸಾಯುವುದರಲ್ಲಿದ್ದಿತು. ನಿಷೇಧಕ್ಕಿಂತ ಉದಾಸೀನವು ಹೆಚ್ಚಿನ ಶತ್ರು.

ಕಿನ್ನಿಗೋಳಿಯ ಸಮೀಪದ ಆ ನೇಕಾರನು ಅಜ್ಜಿಗೆ ಬಹುಕಾಲದ ಪರಿಚಯದವನು. ಹುಡುಗನು ಕಿಲ್ಟನ್ನು ಅವನ ಕೈಗೆ ಕೊಟ್ಟು, ಪ್ರಶ್ನೆಯನ್ನು ನಿರೀಕ್ಷಿಸುತ್ತ ನಿಂತನು. ನೇಕಾರನು ಇದು ಏನೆಂದಾಗಲಿ ಯಾವ ದೇಶದ್ದೆಂದಾಗಲಿ ಕೇಳಲಿಲ್ಲ. ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿಯನ್ನು ನೋಡಿದನು. ಬಾಗಿಲ ಬೆಳಕಿಗೆ ಹಿಡಿದನು. ಉಗುರಿನ ಕೊನೆಯಿಂದ ಎಳೆಗಳನ್ನು ಎಣಿಸತೊಡಗಿದನು.

"ಓರೆ ನೆಯ್ಗೆ" ಎಂದನು ಸ್ವಲ್ಪ ಹೊತ್ತಿನ ಮೇಲೆ. "ನಾವು ಒಂದೆಳೆಯ ಮೇಲೆ, ಒಂದೆಳೆಯ ಕೆಳಗೆ ಲಾಳಿ ಹೊಡೆಯುತ್ತೇವೆ. ಇವರು ಎರಡರ ಮೇಲೆ, ಎರಡರ ಕೆಳಗೆ. ಅದಕ್ಕೇ ಓರೆಗೆರೆ ಕಾಣುತ್ತದೆ. ಹಾಸಿಗೆ ಯಾವ ಲೆಕ್ಕವೋ ಹೊಕ್ಕಿಗೂ ಅದೇ ಲೆಕ್ಕ. ಒಳ್ಳೆಯ ಕೆಲಸ. ಯಾರು ನೆಯ್ದರೋ, ಕೈ ಬಲ್ಲವರು."

ಬಟ್ಟೆಯಲ್ಲಿ ಹಸುರು, ನೀಲಿ, ಕಪ್ಪುಗಳ ನಡುವೆ ಬಿಳಿಯ, ಕೆಂಪಿನ ಸಣ್ಣ ಗೆರೆಗಳಿದ್ದುವು. ಹುಡುಗನು ಹಸುರು ನೀಲಿಗಳು ಕೂಡಿದ ಒಂದು ಚೌಕವನ್ನು ತೋರಿಸಿ, "ಇದು ಯಾವ ಬಣ್ಣದ ನೂಲು?" ಎಂದು ಕೇಳಿದನು.

"ಅಂಥ ನೂಲಿಲ್ಲ" ಎಂದನು ನೇಕಾರ. "ಹಾಸಿನಲ್ಲಿ ಹಸುರು ಬಂದಿದೆ, ಹೊಕ್ಕಿನಲ್ಲಿ ನೀಲಿ. ಎರಡೂ ಕೂಡಿದಲ್ಲಿ ಕಣ್ಣಿಗೆ ಹೀಗೆ ಕಾಣುತ್ತದೆ. ಹತ್ತಿರ ನೋಡು: ಹಸುರು ಹಸುರಾಗಿಯೇ ಇದೆ, ನೀಲಿ ನೀಲಿಯಾಗಿಯೇ ಇದೆ."

"ಅರ್ಧ ಹಸುರು, ಅರ್ಧ ನೀಲಿ" ಎಂದನು ಹುಡುಗ.

ನೇಕಾರನು ನಕ್ಕನು. "ಮಗ್ಗದಲ್ಲಿ ಅರ್ಧ ನೂಲು ಎಂಬುದಿಲ್ಲ. ಅರ್ಧಕ್ಕೆ ಕಡಿದರೆ ಬಟ್ಟೆಯಲ್ಲಿ ತೂತು. ಎರಡೂ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಹೋಗಬೇಕು. ಆಗಲೇ ನೆಯ್ಗೆ ನಿಲ್ಲುವುದು."

ಮಾವನು ಮನೆಗೆ ಮರಳುವಾಗ ಲೆಕ್ಕ ಹಾಕಿ ತೋರಿಸಿದನು: ನೂಲಿನ ಬಣ್ಣ 5; ಒಂದರೊಡನೊಂದು ಹಾದು ಕಣ್ಣಿಗೆ ಕಾಣುವ ಬಣ್ಣ 15. ಹುಡುಗನು ದಾರಿಯುದ್ದಕ್ಕೂ ಕಿಲ್ಟನ್ನು ತೊಡೆಯ ಮೇಲೆ ಹರವಿಕೊಂಡು ಆ ಹದಿನೈದನ್ನು ಹುಡುಕಿದನು, ಹನ್ನೊಂದು ಸಿಕ್ಕಿದುವು. ಹತ್ತು ರೂಪಾಯಿಯ ನೋಟು ಎಲೆಯಡಿಕೆಯ ಸಂಚಿಯಲ್ಲಿ ಮಡಚಿ ಇದ್ದಿತು. ಕಟಪಾಡಿಯ ಪೇಟೆಯಲ್ಲಿ ಅಷ್ಟಮಿಯ ವೇಷದವರು ರೋಗಿ ಮಕ್ಕಳಿಗಾಗಿ ಇಟ್ಟಿದ್ದ ಡಬ್ಬಿಯಲ್ಲಿ ಅದನ್ನು ಮರುದಿನ ಹಾಕಿಬಂದನು. "ವೇಷಕ್ಕೆ ಕೊಟ್ಟದ್ದು ವೇಷದವರಿಗೆ" ಎಂದು ಅಜ್ಜಿಯು ಒಪ್ಪಿದಳು.

ಹೊರಡುವ ದಿನ ಅಜ್ಜಿಯು ಮಗಳಿಗೆ ಒಂದು ಪೊಟ್ಟಣವನ್ನು ಕೊಟ್ಟಳು. ಅದರಲ್ಲಿ ಒಂದು ಉಡುಪಿ ಸೀರೆ ಇದ್ದಿತು: ನೀಲಿಯ ಮೇಲೆ ಬಿಳಿಯ ಚೌಕುಳಿ, ಕೆಂಪಂಚು. ಹೊಸದಲ್ಲ, ತಾನು ಇಪ್ಪತ್ತು ವರ್ಷ ಉಟ್ಟು ಮೆತ್ತಗಾಗಿಸಿದುದು. "ಹೊಸದನ್ನು ಕೊಟ್ಟರೆ ಪೆಟ್ಟಿಗೆಯಲ್ಲಿ ಇಡುತ್ತಿ. ಇದನ್ನು ಇಟ್ಟರೆ ಹರಿದುಹೋದೀತು, ಉಡಬೇಕು. ಯಾರಾದರೂ ಯಾವ ವೇಷ ಎಂದು ಕೇಳಿದರೆ ತಾಯಿಯ ಸೀರೆ ಎಂದು ಹೇಳು. ಕೇಳಿದವರಿಗೂ ತಾಯಿ ಇದ್ದಾಳು" ಎಂದಳು. ಮಗಳು ಕಾಲು ಮುಟ್ಟಿ ನಮಸ್ಕರಿಸಿ ಹೊರಟಳು.

ಮರುವರ್ಷದ ಸಪ್ಟೆಂಬರಿನಲ್ಲಿ ಕಾಪುವಿಗೆ ಒಂದು ಪಟ ಬಂದಿತು. ಹೈಲ್ಯಾಂಡಿನ ಯಾವುದೋ ಬಯಲು. ಹಿಂದೆ ಬೆಟ್ಟ, ಮೇಲೆ ಮೋಡ. ನಡುವೆ ತಂದೆಯೂ ಮಗನೂ ಕಿಲ್ಟಿನಲ್ಲಿ. ಪಕ್ಕದಲ್ಲಿ ಚಳಿಗೆ ಮೇಲೊಂದು ಉಣ್ಣೆಯ ಅಂಗಿಯನ್ನು ತೊಟ್ಟು, ನೀಲಿಯ ಚೌಕುಳಿ ಸೀರೆಯುಟ್ಟ ತಾಯಿ. ಅಲ್ಲಿಯೂ ಒಬ್ಬರು ಕೇಳಿದರಂತೆ. ತಾಯಿಯು ಉತ್ತರ ಕೊಡುವ ಮೊದಲೇ ಹುಡುಗನು, ಇದು ವೇಷವಲ್ಲ, ನಮ್ಮ ಅಜ್ಜಿಯ ಸೀರೆ ಎಂದು ಹೇಳಿ, ಹಾಸುಹೊಕ್ಕುಗಳ ಲೆಕ್ಕವನ್ನು ವಿವರಿಸತೊಡಗಿದನಂತೆ; ಕೇಳಿದವರು ಬಹಳ ಹೊತ್ತು ನಿಂತು ಕೇಳಿದರಂತೆ.

ಅಜ್ಜಿಯು ಮಗನಿಂದ ಈ ಕಾಗದವನ್ನು ಎರಡು ಸಲ ಓದಿಸಿದಳು. ಕನ್ನಡಕವನ್ನು ಏರಿಸಿ ಪಟವನ್ನು ಬಹಳ ಹೊತ್ತು ನೋಡಿದಳು. "ಸೀರೆಯ ನೆರಿಗೆ ಒಂದು ಬೆರಳು ಮೇಲಾಯಿತು" ಎಂದಳು. "ಹುಡುಗನದು ಸರಿಯಾಗಿದೆ."